ಹನ್ನೆರಡನೆಯ ಮಹಡಿಯ ಅಣಕು ಬೆಂಕಿ

ನಮ್ಮ ಮನೆಯಲ್ಲಿ ಫೈರ್ ಎಂದರೆ ಬೈಗುಳ. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ನಾನು ಹುಟ್ಟಿ ಬೆಳೆದೆ. ಸಂಜೆ ಅಪ್ಪ ಬಸ್ಸಿಳಿದು ಬಂದು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅಮ್ಮನಿಗೆ ಎಲ್ಲ ತಿಳಿದುಬಿಡುತ್ತಿತ್ತು. "ಇವತ್ತು ಸಾಹೇಬರು ಫೈರ್ ಮಾಡಿದಾರೆ, ಸುಮ್ನೆ ಪುಸ್ತಕ ಹಿಡ್ಕೊಂಡು ಕೂತ್ಕೊ" ಎಂದು ನನಗೆ ಪಿಸುಗುಟ್ಟಿ ಅಡಿಗೆಮನೆಗೆ ಹೋಗುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಬೆತ್ತದ ಕುರ್ಚಿಯಲ್ಲಿ ಕೂತು, ಕಾಫಿ ಅರ್ಧ ಮುಗಿದ ಮೇಲೆ ಬಾಯಿ ಬಿಡುತ್ತಿದ್ದರು. "ಒಂದು ಕಾಗದ ಬೇರೆ ಫೈಲಿಗೆ ಹೋಗಿತ್ತು. ಅಷ್ಟಕ್ಕೇ ಇಡೀ ಸೆಕ್ಷನ್ ಎದುರಿಗೆ ಫೈರ್ ಮಾಡ್ಬಿಟ್ಟ." ಮರುದಿನ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದೇ ಬಸ್ಸು ಹತ್ತುತ್ತಿದ್ದರು. ಹೀಗೆ ಮೂವತ್ತೇಳು ವರ್ಷ ಬೈಸಿಕೊಂಡು, ಅದರ ನಡುವೆಯೇ ಬಡ್ತಿಗಳನ್ನೂ ಪಡೆದು, ಕೊನೆಯ ದಿನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬಂದರು.

ಅಮ್ಮನಿಗೆ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ, ಇಂಗ್ಲಿಷ್ ಬರುತ್ತಲೇ ಇರಲಿಲ್ಲ. ಒಮ್ಮೆ ಪಕ್ಕದ ಮನೆಯ ಪಂಜಾಬಿ ಆಂಟಿ ಗಾಬರಿಯಿಂದ ಬಂದು, ತಮ್ಮ ನೆಂಟರ ಮದುವೆಯ ಮೆರವಣಿಗೆಯಲ್ಲಿ ಫೈರಿಂಗ್ ಆಯಿತು ಎಂದು ಹೇಳಿದರು. ಅಮ್ಮ ಲೊಚಗುಟ್ಟಿದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಮದುವೆ ಮನೇಲಿ ಹಂಗೆಲ್ಲ ಬೈದಾಡ್ಬಾರ್ದಪ್ಪ" ಎಂದಳು. ಖುಷಿಗೆಂದು ಹಾರಿಸಿದ ಬಂದೂಕಿನ ಗುಂಡು ಒಬ್ಬನ ಭುಜಕ್ಕೆ ತಗುಲಿತ್ತು ಎಂದು ಬಿಡಿಸಿ ಹೇಳಿದಾಗ ಅವಳು ನಂಬಲೇ ಇಲ್ಲ.

ಆ ಮಾತಿಗೆ ಇನ್ನೂ ಒಂದು ಅರ್ಥವಿದೆ, ಮತ್ತು ನಾನು ಸಂಬಳ ತೆಗೆದುಕೊಳ್ಳುವುದೇ ಆ ಅರ್ಥದ ಸಲುವಾಗಿ ಎನ್ನುವುದು ನನಗೆ ತಿಳಿದದ್ದು ನೌಕರಿಗೆ ಸೇರಿ ಎಷ್ಟೋ ವರ್ಷವಾದ ಮೇಲೆ.

ನಾನಿದ್ದದ್ದು ಗುರುಗ್ರಾಮದ ಒಂದು ಕಂಪನಿಯ ಎಚ್.ಆರ್. ವಿಭಾಗದಲ್ಲಿ. ಗಾಜಿನ ಕಟ್ಟಡ, ಹನ್ನೆರಡನೆಯ ಮಹಡಿ. ಜನರನ್ನು ಸೇರಿಸಿಕೊಳ್ಳುವುದು, ಅವರಿಗೆ ತರಬೇತಿ ಕೊಡಿಸುವುದು, ಹುಟ್ಟುಹಬ್ಬಕ್ಕೆ ಕೇಕು ತರಿಸುವುದು, ಮತ್ತೆ ಬೇಡವಾದಾಗ ಕಳಿಸುವುದು ನಮ್ಮ ಕೆಲಸ. ಆದರೆ ಫೈರ್ ಎನ್ನುವ ಪದ ನಮ್ಮಲ್ಲಿ ನಿಷಿದ್ಧ. ಒಬ್ಬ ಹೊಸಬ ಮೀಟಿಂಗಿನಲ್ಲಿ ಬಾಯಿತಪ್ಪಿ ಅಂದದ್ದಕ್ಕೆ ನಮ್ಮ ಮುಖ್ಯಸ್ಥರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದ್ದರು. ನಾವು ಯಾರನ್ನೂ ತೆಗೆಯುತ್ತಿರಲಿಲ್ಲ, ಅವರ 'ಮುಂದಿನ ಪಯಣಕ್ಕೆ' ಬೀಳ್ಕೊಡುತ್ತಿದ್ದೆವು. ಆ ಬೀಳ್ಕೊಡುಗೆ ಪತ್ರದ ಮಾದರಿಯನ್ನು ಬರೆದವಳು ನಾನೇ. ಒಂದು ಪುಟ, ನಾಲ್ಕು ಪ್ಯಾರಾ, ಎಲ್ಲಿಯೂ ಒಂದು ಒರಟು ಮಾತಿಲ್ಲ. ಚೆನ್ನಾಗಿದೆ ಎಂದು ಮುಖ್ಯಸ್ಥರು ಹೊಗಳಿದ್ದರು. ನನಗೂ ಹೆಮ್ಮೆಯೇ ಆಗಿತ್ತು.

ನನ್ನ ಕೈಕೆಳಗೆ ತರಬೇತಿ ನೋಡಿಕೊಳ್ಳಲು ಇಬ್ಬರಿದ್ದರು. ಒಬ್ಬ, ಎರಡು ಪುಟ್ಟ ಮಕ್ಕಳ ತಂದೆ, ಫರೀದಾಬಾದಿನಿಂದ ಬರುತ್ತಿದ್ದವನು. ಇನ್ನೊಬ್ಬಳು ವಿಜಯಪುರದ ಹುಡುಗಿ, ಇಪ್ಪತ್ತಾರು ವರ್ಷದವಳು. ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಮಾಡಲು ಬಂದವಳು ಓದು ಮುಗಿದ ಮೇಲೂ ಮುನಿರ್ಕಾದ ಹಳೆಯ ಊರಿನ ಗಲ್ಲಿಯೊಂದರಲ್ಲಿ ಮೂರನೆಯ ಮಹಡಿಯ ಕೋಣೆಯಲ್ಲೇ ಉಳಿದಿದ್ದಳು. ನಮ್ಮ ಬಾಡಿಗೆ ಫ್ಲ್ಯಾಟ್ ಇದ್ದದ್ದು ಅದೇ ಮುನಿರ್ಕಾದ ಈಚೆ ಬದಿಗೆ. ಹಾಗಾಗಿ ಕಂಪನಿಯ ಕ್ಯಾಬಿನಲ್ಲಿ ನಾವಿಬ್ಬರೂ ಒಟ್ಟಿಗೆ ಹೋಗಿ ಬರುತ್ತಿದ್ದೆವು. ಬೆಳಗ್ಗೆ ಐವತ್ತು ನಿಮಿಷ, ಸಂಜೆ ಒಂದೂವರೆ ತಾಸು. ಒಂದು ದಿನಕ್ಕೆ ಅಷ್ಟು ಹೊತ್ತು ನಾನು ನನ್ನ ಮಗಳ ಜೊತೆಯೂ ಕನ್ನಡದಲ್ಲಿ ಮಾತಾಡಿದವಳಲ್ಲ.

ಮನೆಯಲ್ಲಿ ನಾನು, ಅಪ್ಪ, ಒಂಬತ್ತನೆಯ ಕ್ಲಾಸಿನ ಮಗಳು. ಅಮ್ಮ ತೀರಿಕೊಂಡಿದ್ದಳು. ನಾನೂ ಗಂಡನೂ ಬೇರೆಯಾಗಿ ಎಂಟು ವರ್ಷವಾಗಿತ್ತು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಅಪ್ಪನಿಗೆ ಮಾತಿಗೆ ಜನ ಬೇಕು. ಭಾನುವಾರ ಆ ಹುಡುಗಿ ಬಂದರೆ ಅಪ್ಪನಿಗೆ ಹಬ್ಬ. ಊರಿನಿಂದ ಬಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತಿದ್ದಳು. ಒಂದು ಈದ್‌ಗೆ ಹಾಲು-ಶಾವಿಗೆಯ ಶೀರ್ ಖುರ್ಮಾ ತಂದಾಗ ಅಪ್ಪನ ಪಾಲನ್ನು ಹೊಚ್ಚ ಹೊಸ ಸ್ಟೀಲ್ ಡಬ್ಬಿಯಲ್ಲಿ ಹಾಕಿ ತಂದಿದ್ದಳು. ಡಬ್ಬಿಯ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ಅಜ್ಜಾರ ಮಡಿ ಅಂದ್ರ ಅಂತ ಹೊಸಾದು ತಂದೀನ್ರಿ" ಎಂದಳು. ಅಪ್ಪ ನಾಚಿಕೊಂಡರು. "ಮಡಿಗಿಡಿ ಎಲ್ಲ ನಿಮ್ಮಜ್ಜಿ ಕಾಲಕ್ಕೇ ಮುಗೀತಮ್ಮ" ಎನ್ನುತ್ತ ಎರಡು ಬಟ್ಟಲು ತಿಂದರು. ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಅವಳಿಗೆ ಬೆಂಕಿಯೆಂದರೆ ಭಯ. ಓದುವ ದಿನಗಳಲ್ಲಿ ಅವಳಿದ್ದ ಬಾಡಿಗೆ ಮನೆಯ ಮೆಟ್ಟಿಲ ಬುಡದಲ್ಲಿದ್ದ ಕರೆಂಟಿನ ಮೀಟರ್ ಪೆಟ್ಟಿಗೆಗಳು ಹೊತ್ತಿಕೊಂಡಿದ್ದವಂತೆ. ಆ ಗಲ್ಲಿಗಳಲ್ಲಿ ಮನೆಗೊಂದೇ ಮೆಟ್ಟಿಲು, ಅದೂ ಒಬ್ಬರು ಇಳಿಯುವಷ್ಟು ಅಗಲ. ಅವಳೂ ಅವಳ ಕೋಣೆಯ ಗೆಳತಿಯೂ ದುಪಟ್ಟಾ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು, ತಾರಸಿಗೆ ಹತ್ತಿ, ಪಕ್ಕದ ಮನೆಯ ತಾರಸಿಗೆ ದಾಟಿ ಜೀವ ಉಳಿಸಿಕೊಂಡರು. ಕೆಳಗಿನ ಮಹಡಿಯ ಒಬ್ಬ ಮುದುಕಿಯನ್ನು ಹೊರಗೆ ತರಲು ತಡವಾಯಿತು. ಇದನ್ನು ಅವಳು ಕ್ಯಾಬಿನಲ್ಲಿ ಒಂದೇ ಸಲ ಹೇಳಿದ್ದು. "ನಾವು ಆಕಿ ಬಾಗಿಲಾ ಬಡೀಬೇಕಿತ್ತು ಅಕ್ಕಾ. ಬಡೀಲಿಲ್ಲ. ಮ್ಯಾಲ ಓಡಿದ್ವಿ."

ಆ ವರ್ಷ ನವೆಂಬರ್ ಮೊದಲ ವಾರದಲ್ಲಿ ಮುಖ್ಯಸ್ಥರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. ಮೂವತ್ತೊಂದು ಜನರನ್ನು ಕಡಿಮೆ ಮಾಡಬೇಕಾಗಿದೆ, ಪ್ರತಿ ವಿಭಾಗದಿಂದ ಹೆಸರು ಬರಬೇಕು, ನಮ್ಮ ವಿಭಾಗವೂ ಹೊರತಲ್ಲ, ನಿಮ್ಮ ಕೈಕೆಳಗಿನ ಇಬ್ಬರಲ್ಲಿ ಒಬ್ಬರು, ಎಂದರು. ನಾಳೆ ಸಂಜೆಯೊಳಗೆ. ಆಮೇಲೆ ಹೇಗೆ ಮಾಡುವುದು ಎನ್ನುವ ಮಾತು ಬಂತು. ಸೀಟಿನಲ್ಲಿ ಕೂತಿರುವಾಗ ಹೇಳಿದರೆ ಅಳು, ಗಲಾಟೆ, ಲ್ಯಾಪ್‌ಟಾಪಿನಿಂದ ಏನೇನೋ ಕಾಪಿ ಮಾಡಿಕೊಳ್ಳುತ್ತಾರೆ ಎಂದರು. ಹೋದ ಸಲ ಒಬ್ಬ ಶೌಚಾಲಯದ ಬಾಗಿಲು ಹಾಕಿಕೊಂಡು ಮೂರು ತಾಸು ಹೊರಗೆ ಬಂದಿರಲಿಲ್ಲ. ಕಿಟಕಿಯಾಚೆ ನೋಡುತ್ತ ಅವರೇ ಕೇಳಿದರು, "ಫೈರ್ ಡ್ರಿಲ್ ಬಾಕಿ ಇದೆ ಅಲ್ವಾ?"

ನನಗೆ ತಕ್ಷಣ ಅರ್ಥವಾಯಿತು. ಎಲ್ಲರನ್ನೂ ಬೆಂಕಿಯ ಅಣಕು ಕಾರ್ಯಾಚರಣೆಗೆಂದು ಕೆಳಗಿಳಿಸುವುದು, ಅವರು ಕೆಳಗಿರುವಾಗ ಆ ಮೂವತ್ತೊಂದು ಜನರ ಗೇಟು ದಾಟುವ ಕಾರ್ಡುಗಳನ್ನು ನಿಷ್ಕ್ರಿಯ ಮಾಡುವುದು. ಮತ್ತೆ ಒಳಗೆ ಬರುವಾಗ ಯಾರ ಕಾರ್ಡಿಗೆ ಕೆಂಪು ದೀಪ ಹೊತ್ತುತ್ತದೋ ಅವರು ಬಲಗಡೆಯ ಕೋಣೆಗೆ. ಹನ್ನೆರಡನೆಯ ಮಹಡಿಯ ಫೈರ್ ವಾರ್ಡನ್ ನಾನೇ. ಎರಡು ವರ್ಷದ ಹಿಂದೆ ಅರ್ಧ ದಿನದ ತರಬೇತಿ ಕೊಟ್ಟು, ಕಿತ್ತಳೆ ಬಣ್ಣದ ಜಾಕೆಟ್ಟು, ಒಂದು ಸೀಟಿ ಕೊಟ್ಟಿದ್ದರು. ಬೆಂಕಿ ಬಿದ್ದರೆ ಎಲ್ಲರನ್ನೂ ಇಳಿಸಿ ಕೊನೆಗೆ ಇಳಿಯಬೇಕಾದವಳು ನಾನು.

ಬೇಡ ಎಂದು ನಾನು ಹೇಳಲಿಲ್ಲ. ಹೇಳಬಹುದಿತ್ತು ಎನ್ನುವುದು ಕೂಡ ಆಗ ಹೊಳೆಯಲಿಲ್ಲ. "ಬಹಳ ನೀಟಾಗಿ ಆಗುತ್ತೆ, ಸರ್" ಎಂದೆ. ಈ ಮಾತನ್ನು ನಾನು ಮರೆಯಬೇಕೆಂದು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ.

ಹೆಸರನ್ನು ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನಿಗೆ ಎರಡು ಮಕ್ಕಳು, ಹೆಂಡತಿಗೆ ಕೆಲಸವಿಲ್ಲ. ಅವಳು ಒಬ್ಬಳೇ, ವಯಸ್ಸಿದೆ, ಇನ್ನೊಂದು ಕಡೆ ಸಿಗುತ್ತದೆ. ಕೆಲಸದಲ್ಲಿ ಅವನಿಗಿಂತ ಅವಳು ಎಷ್ಟೋ ಚುರುಕು. ಅದೂ ಅವಳಿಗೆ ಬೇರೆ ಕಡೆ ಬೇಗ ಸಿಗುತ್ತದೆ ಎನ್ನುವುದಕ್ಕೆ ಕಾರಣವಾಯಿತು. ಮನುಷ್ಯ ಒಂದು ನಿರ್ಧಾರಕ್ಕೆ ಬಂದ ಮೇಲೆ ಎಲ್ಲವೂ ಅದಕ್ಕೆ ಒದಗಿ ಬರುತ್ತವೆ. ಇನ್ನೊಂದು ಯೋಚನೆಯೂ ಇತ್ತು, ಅದನ್ನು ಇಲ್ಲಿ ಬರೆಯದಿದ್ದರೆ ಇದೆಲ್ಲ ಬರೆದು ಪ್ರಯೋಜನವಿಲ್ಲ: ಅವಳು ನನ್ನವಳು, ಅರ್ಥಮಾಡಿಕೊಳ್ಳುತ್ತಾಳೆ, ಗಲಾಟೆ ಮಾಡುವುದಿಲ್ಲ, ಅಂದುಕೊಂಡಿದ್ದೆ.

ಡ್ರಿಲ್ಲಿನ ದಿನ ಬೆಳಗ್ಗೆ ಕ್ಯಾಬಿನಲ್ಲಿ ಇಬ್ಬರೂ ಜೊತೆಗೇ ಹೋದೆವು. ಹೊರಗೆ ಹೊಗೆಯೋ ಮಂಜೋ ತಿಳಿಯದ ಬೂದು ಬಣ್ಣ, ಎದುರಿನ ಬಸ್ಸು ಹತ್ತಿರ ಬಂದ ಮೇಲೇ ಕಾಣುತ್ತಿತ್ತು. ಅವಳು ಮುಂದಿನ ವಾರ ಕೊಡಬೇಕಾದ ತರಬೇತಿಯ ಸ್ಲೈಡುಗಳನ್ನು ಮೊಬೈಲಿನಲ್ಲಿ ತೋರಿಸಿ, "ಈ ಎರಡನೇದು ಸರಿ ಐತೇನ್ರಿ ಅಕ್ಕಾ? ತೆಗೀಲೇನು?" ಎಂದು ಕೇಳಿದಳು. ನಾನು ಕನ್ನಡಕ ಹಾಕಿಕೊಂಡು ನೋಡಿ, ಒಂದು ಸಾಲು ತಿದ್ದಿಸಿದೆ.

ಹನ್ನೊಂದು ಗಂಟೆಗೆ ಅಲಾರಾಂ ಹೊಡೆಯಿತು. ಜನ ಗೊಣಗುತ್ತ, ನಗುತ್ತ, ಕೆಲವರು ಕಾಫಿ ಲೋಟ ಹಿಡಿದುಕೊಂಡೇ ಮೆಟ್ಟಿಲ ಕಡೆ ನಡೆದರು. ಲಿಫ್ಟು ನಿಲ್ಲಿಸಿದ್ದರು. ನಿಯಮದಂತೆ ಬ್ಯಾಗು, ಲ್ಯಾಪ್‌ಟಾಪು ಏನನ್ನೂ ಮುಟ್ಟಬಾರದು. ನಾನು ಜಾಕೆಟ್ಟು ಹಾಕಿಕೊಂಡು ಸೀಟಿ ಊದಿ ಎಲ್ಲರನ್ನೂ ಇಳಿಸಿದೆ. ಶೌಚಾಲಯ, ಮೀಟಿಂಗ್ ಕೋಣೆ, ಪ್ಯಾಂಟ್ರಿ ಎಲ್ಲ ಕಡೆ ಇಣುಕಿ ನೋಡಿದೆ. ಖಾಲಿ ಕುರ್ಚಿಗಳು, ಅವುಗಳ ಬೆನ್ನಿಗೆ ನೇತುಬಿಟ್ಟ ಸ್ವೆಟರುಗಳು, ತೆರೆದಿಟ್ಟ ತಿಂಡಿ ಡಬ್ಬಿಗಳು. ಮುಖ್ಯಸ್ಥರಿಂದ ಮೆಸೇಜ್ ಬಂತು: ಖಾಲಿಯಾಯಿತೇ? ಆಯಿತು ಎಂದು ಉತ್ತರಿಸಿ ಮೆಟ್ಟಿಲಿಳಿಯತೊಡಗಿದೆ.

ಎಂಟನೆಯ ಮಹಡಿಯ ತಿರುವಿನಲ್ಲಿ ಯಾರೋ ಏದುಸಿರು ಬಿಡುತ್ತ ಮೇಲೆ ಬರುತ್ತಿರುವುದು ಕೇಳಿಸಿತು. ಕಂಬಿ ಹಿಡಿದು ಬಗ್ಗಿ ನೋಡಿದರೆ ಅವಳು. ಒದ್ದೆ ದುಪಟ್ಟಾ ಮೂಗಿಗೆ ಕಟ್ಟಿಕೊಂಡಿದ್ದಳು, ನೀರು ಕುರ್ತಾದ ಮೇಲೆಲ್ಲ ಇಳಿದಿತ್ತು.

"ಅಕ್ಕಾ! ಎಲ್ಲಿದ್ರಿ? ಕೆಳಗ ಎಲ್ಲಾ ಹುಡುಕಿದೆ, ನೀವು ಕಾಣ್ಲೇ ಇಲ್ಲ."

"ನಾನು ವಾರ್ಡನ್ ಅಲ್ವೇನೆ, ಕೊನೇಲಿ ಬರ್ಬೇಕು. ನೀನ್ಯಾಕೆ ವಾಪಸ್ ಬಂದೆ?"

"ಹೊಗಿ ವಾಸನಿ ಬಂತ್ರಿ. ಡ್ರಿಲ್ ಅಂದ್ರು, ಖರೇನೇ ಆಗಿದ್ರ? ನೀವು ಮ್ಯಾಲೇ ಉಳಿದ್ರೇನೋ ಅನ್ನಿಸ್ತು. ಗಾರ್ಡ್ ಬಿಡಾಕ ತಯಾರಿಲ್ಲ, ಅವನ್ನ ತಪ್ಪಿಸ್ಕೊಂಡು ಬಂದೆ."

"ಅದು ಹೊರಗಿನ ಹೊಗೆ ಕಣೆ. ಊರಿಗೆಲ್ಲ ಇರೋದು. ಬೆಂಕಿ ಇಲ್ಲ ಏನೂ ಇಲ್ಲ."

ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ದುಪಟ್ಟಾ ಬಿಚ್ಚಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ನಾನು ಕೈ ಕೊಟ್ಟು ಎಬ್ಬಿಸಿದೆ. ನನ್ನ ಕೈ ಬಿಡದೆ ಎಂಟು ಮಹಡಿಯನ್ನೂ ಇಳಿದಳು. ನಡುನಡುವೆ ನಿಂತು ಸುಧಾರಿಸಿಕೊಂಡೆವು. ಒಂದು ಹತ್ತು ನಿಮಿಷವಾದರೂ ಹಿಡಿದಿರಬೇಕು. ಮೆಟ್ಟಿಲಲ್ಲಿ ನಾವಿಬ್ಬರೇ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಕೆಳಗೆ ನಿನ್ನ ಕಾರ್ಡು ನಡೆಯುವುದಿಲ್ಲ, ಗಾಬರಿಯಾಗಬೇಡ ಎಂದು ಹೇಳಿದ್ದರೂ ಸಾಕಿತ್ತು. ನಾನು ಹೇಳಿದ್ದು, "ನಿಧಾನ, ಮೆಟ್ಟಿಲು ಜಾರುತ್ತೆ."

ಕೆಳಗೆ ಸಾಲು ಆಗಲೇ ಕರಗುತ್ತಿತ್ತು. ಹೆಚ್ಚಿನವರು ಹಸಿರು ದೀಪದಲ್ಲಿ ದಾಟಿ ಲಿಫ್ಟಿನ ಕಡೆ ಹೋಗಿದ್ದರು. ಅವಳು ಕಾರ್ಡು ಇಟ್ಟಳು. ಕೆಂಪು. ಕುರ್ತಾಕ್ಕೆ ಒರೆಸಿ ಇನ್ನೊಮ್ಮೆ ಇಟ್ಟಳು. ನೀರು ತಾಗಿ ಕೆಟ್ಟಿರಬೇಕೆಂದು ನನ್ನ ಕಡೆ ನೋಡಿದಳು. ಗಾರ್ಡ್ ಕೈಯಲ್ಲಿದ್ದ ಹಾಳೆ ನೋಡಿ, "ಮೇಡಂ, ಆಪ್ ಉಧರ್" ಎಂದು ಬಲಗಡೆಯ ಕಾನ್ಫರೆನ್ಸ್ ಕೋಣೆಯನ್ನು ತೋರಿಸಿದ. ಅದರ ಗಾಜಿನೊಳಗೆ ಜನ ನಿಂತಿದ್ದರು. ಕೆಲವರು ಕೂತಿದ್ದರು. ಮೇಜಿನ ಮೇಲೆ ನೀರಿನ ಬಾಟಲಿಗಳು, ಬಿಳಿ ಲಕೋಟೆಗಳು. ಒಬ್ಬ ಗೋಡೆಯ ಕಡೆ ಮುಖ ಮಾಡಿ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ.

ಅವಳು ಬುದ್ಧಿವಂತೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಅಕ್ಕಾ, ನಿಮಗ ಗೊತ್ತಿತ್ತೇನು?"

"ಇಲ್ಲ," ಎಂದೆ.

ಅವಳ ಕೈಯನ್ನು ನಾನು ಇನ್ನೂ ಹಿಡಿದಿದ್ದೆನೋ, ಅವಳೇ ನನ್ನದನ್ನು ಹಿಡಿದಿದ್ದಳೋ. ಬಿಟ್ಟದ್ದು ಅವಳು. ಒದ್ದೆ ದುಪಟ್ಟಾವನ್ನು ಹೆಗಲಿಗೆ ಹಾಕಿಕೊಂಡು ಬಲಕ್ಕೆ ನಡೆದಳು. ಆ ಕೋಣೆಯಲ್ಲಿ ಲಕೋಟೆಗಳನ್ನು ಕೊಡಬೇಕಾದವಳೂ ನಾನೇ ಆಗಿದ್ದೆ. ಅವಳ ಸರದಿ ಬಂದಾಗ ತೆಗೆದುಕೊಂಡಳು, ಸಹಿ ಹಾಕಿದಳು, "ಥ್ಯಾಂಕ್ಯೂ ಮೇಡಂ" ಎಂದಳು. ಮೂವತ್ತೊಂದು ಜನರ ಸಾಮಾನುಗಳನ್ನು ಮಧ್ಯಾಹ್ನದೊಳಗೆ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಕೆಳಗೆ ತಂದರು. ಯಾರೂ ಧ್ವನಿ ಏರಿಸಲಿಲ್ಲ. ಮುಖ್ಯಸ್ಥರು ಸಂಜೆ ನಮಗೆಲ್ಲ ಪಿಜ್ಜಾ ತರಿಸಿದರು.

ಮನೆಗೆ ಹೋಗುವಾಗ ಡ್ರೈವರ್ ಭಯ್ಯಾ ಅವಳಿಗಾಗಿ ಕಾಯುತ್ತಿದ್ದ. ರಜೆಯಲ್ಲಿದ್ದಾಳೆ, ಚಲೋ, ಎಂದೆ. ಬೆಳಗ್ಗೆ ಇಬ್ಬರನ್ನೂ ಕರೆತಂದವನೇ ಅವನು. ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ ಗಾಡಿ ಬಿಟ್ಟ.

ಅಪ್ಪ ಎರಡು ಭಾನುವಾರ ಸುಮ್ಮನಿದ್ದು ಮೂರನೆಯದಕ್ಕೆ ಕೇಳಿದರು. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿತು, ಹೋದಳು ಎಂದೆ. "ಹೇಳಿ ಹೋಗೋದಲ್ವೇ" ಎಂದು ಬೇಸರಪಟ್ಟುಕೊಂಡರು. ಅವಳಿಗೆ ನಾನು ನಾಲ್ಕು ಮೆಸೇಜ್ ಕಳಿಸಿದೆ. ಓದಿದ ಗುರುತು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ನನ್ನ ಸರದಿ ಬಂತು. ಗಾಳಿ ಕೆಟ್ಟಿದೆ ಎಂದು ಎಲ್ಲರಿಗೂ ಮನೆಯಿಂದಲೇ ಕೆಲಸ ಮಾಡಲು ಹೇಳಿದ್ದ ವಾರ. ಮುಖ್ಯಸ್ಥರು ವಿಡಿಯೋ ಕಾಲಿಗೆ ಕರೆದರು. ಪಕ್ಕದ ಚೌಕಟ್ಟಿನಲ್ಲಿ ವಕೀಲರಂತೆ ಕಾಣುವ ಒಬ್ಬಾಕೆ. ಏಳು ನಿಮಿಷ. ಕರೆ ಮುಗಿಯುವ ಹೊತ್ತಿಗೆ ಪತ್ರ ಬಂದಿತ್ತು, ತೆರೆದೆ. ನಾನೇ ಬರೆದ ನಾಲ್ಕು ಪ್ಯಾರಾ. ಮೂರನೆಯದರಲ್ಲಿ ನನ್ನ ಕಣ್ಣು ತಪ್ಪಿ ಉಳಿದಿದ್ದ ಸ್ಪೆಲಿಂಗ್ ತಪ್ಪು ಕೂಡ ಹಾಗೆಯೇ ಇತ್ತು. ನಾನು ಕಳಿಸಿಕೊಟ್ಟ ಎಷ್ಟೋ ಜನರಲ್ಲಿ ಒಬ್ಬರಾದರೂ ಅದನ್ನು ಗಮನಿಸಿ ನಕ್ಕಿರಬಹುದೆ ಎಂದು ಯೋಚಿಸುತ್ತ ಕೂತೆ.

ಅಪ್ಪ ಹಾಲ್‌ನಲ್ಲಿ ಪೇಪರ್ ಓದುತ್ತಿದ್ದರು. ಅವರ ಎದುರು ಹೋಗಿ ನಿಂತು, "ಅಪ್ಪಾ, ನನ್ನನ್ನ ಫೈರ್ ಮಾಡಿದ್ರು" ಎಂದೆ.

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಎಷ್ಟೋ ವರ್ಷದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. "ಮಾಡ್ಲಿ ಬಿಡು. ಮೇಲಿನೋರು ಅಂದ್ಮೇಲೆ ಮಾಡ್ತಾರೆ. ನಮ್ಮ ಕಾಲದಲ್ಲಿ ಎಷ್ಟು ಕೇಳಿಸ್ಕೊಂಡಿಲ್ಲ ನಾವು. ರಾತ್ರಿ ಮಲಗಿ ಎದ್ರೆ ಅವರಿಗೂ ನೆನಪಿರಲ್ಲ. ನಾಳೆ ಹತ್ತು ನಿಮಿಷ ಮೊದಲೇ ಲಾಗಿನ್ ಆಗು."

"ಬೈದಿದ್ದಲ್ಲ ಅಪ್ಪಾ. ಕೆಲಸದಿಂದ ತೆಗೆದ್ರು."

ಅಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರು ಗುಮಾಸ್ತರಾದರು. "ಮೆಮೊ ಕೊಟ್ಟಿದ್ರಾ? ಇಲ್ವಾ? ವಿಚಾರಣೆ? ಅದೂ ಇಲ್ವಾ? ನಿನ್ನ ಹೇಳಿಕೆ ತಗೊಳ್ದೆ ಹೇಗೆ ತೆಗೀತಾರೆ? ಅಚ್ಛಾ, ತೆಗೆದ ಆದೇಶದಲ್ಲಿ ಯಾವ ನಿಯಮ ಅಂತ ಬರ್ದಿದಾರೆ ತೋರ್ಸು." ಪತ್ರವನ್ನು ತೋರಿಸಿದೆ. ಎರಡು ಸಲ ಓದಿದರು. "ಇದರಲ್ಲಿ ತೆಗೆದಿದೀವಿ ಅಂತಲೇ ಇಲ್ವಲ್ಲೇ! ಏನೋ ಶುಭಾಶಯ ಹೇಳಿದಾರೆ. ಯಾವ ಅಯೋಗ್ಯ ಬರೆದಿದ್ದು ಇದನ್ನ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಆ ಮಧ್ಯಾಹ್ನ ಅವರು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು, ನನ್ನ ಪರವಾಗಿ ಒಂದು ಮನವಿ ಬರೆದರು. ಮೂರು ಪುಟ. ತಮ್ಮ ಇಂಗ್ಲಿಷಿನಲ್ಲಿ, ತಮ್ಮ ದುಂಡು ಅಕ್ಷರದಲ್ಲಿ. ನಾನು ಎಷ್ಟು ವರ್ಷ ನಿಷ್ಠೆಯಿಂದ ದುಡಿದೆ, ಒಂಟಿಯಾಗಿ ಮಗಳನ್ನು ಹೇಗೆ ಸಾಕುತ್ತಿದ್ದೇನೆ, ಒಂದು ತಪ್ಪೂ ತೋರಿಸದೆ ತೆಗೆಯುವುದು ಹೇಗೆ ನ್ಯಾಯಕ್ಕೆ ವಿರುದ್ಧ ಎನ್ನುವುದನ್ನೆಲ್ಲ ಒಂದೊಂದಾಗಿ ಸಂಖ್ಯೆ ಹಾಕಿ ಬರೆದಿದ್ದರು. ಮಗಳು ಸ್ಕೂಲಿನ ಆನ್‌ಲೈನ್ ಕ್ಲಾಸು ಮುಗಿಸಿ ಬಂದು ಅವರ ಹೆಗಲ ಮೇಲಿಂದ ಬಗ್ಗಿ ಪೂರ್ತಿ ಓದಿ, "ತಾತಾ, ಯೇ ಲೆಟರ್ ತೋ ಫೈರ್ ಹೈ!" ಎಂದಳು. ಅವಳ ಓರಗೆಯವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅಪ್ಪನ ಮುಖ ಬಾಡಿತು. "ಫೈರ್ ಏನಿಲ್ಲಮ್ಮಾ, ವಿನಯದಿಂದಲೇ ಬರ್ದಿದೀನಿ. ಎಲ್ಲಿ ಜಾಸ್ತಿ ಆಯ್ತು ಹೇಳು, ತೆಗೀತೀನಿ" ಎಂದು ಪೆನ್ನಿನ ಮುಚ್ಚಳ ತೆಗೆದರು.

ಪತ್ರವನ್ನು ಅವರೇ ರಿಜಿಸ್ಟರ್ಡ್ ಪೋಸ್ಟ್ ಮಾಡಿದರು. ಸ್ವೀಕೃತಿಯ ಕಾರ್ಡು ಮುದ್ರೆಯೊತ್ತಿಸಿಕೊಂಡು ವಾಪಸು ಬಂತು. ಉತ್ತರ ಬರಲಿಲ್ಲ. ಒಂದು ತಿಂಗಳು ಪ್ರತಿದಿನ ಕೆಳಗಿಳಿದು ಟಪಾಲು ಪೆಟ್ಟಿಗೆ ನೋಡಿ ಬರುತ್ತಿದ್ದರು. ಅವರ ಬಗ್ಗೆ ಕನಿಕರವಾಗಬೇಕಿತ್ತು, ನನಗೆ ಸಿಟ್ಟೇ ಬರುತ್ತಿತ್ತು. ಇಂಥ ಮೂರು ಪುಟವನ್ನು ಆ ಮೂವತ್ತೊಂದು ಜನರಲ್ಲಿ ಯಾರಿಗಾಗಿಯೂ ಯಾರೂ ಬರೆದಿರಲಾರರು. ಅವಳಿಗಾಗಿ ಖಂಡಿತ ಇಲ್ಲ; ಅವಳ ಪರವಾಗಿ ಬರೆಯಬಹುದಾಗಿದ್ದವಳು ಜಾಕೆಟ್ಟು ಹಾಕಿಕೊಂಡು ಸೀಟಿ ಊದುತ್ತಿದ್ದಳು.

ಜನವರಿಯಲ್ಲಿ ಅವಳಿಗೆ ಮತ್ತೆ ಮೆಸೇಜ್ ಕಳಿಸಿದೆ. ನನ್ನನ್ನೂ ತೆಗೆದಿದ್ದಾರೆ, ಒಮ್ಮೆ ಸಿಗುತ್ತೀಯಾ ಎಂದು. ಈ ಸಲ ಉತ್ತರ ಬಂತು. ಶನಿವಾರ ಮಧ್ಯಾಹ್ನ, ಮುನಿರ್ಕಾ ಮೆಟ್ರೋ ಹತ್ತಿರದ ಚಹಾದ ಅಂಗಡಿ. ಮೊದಲಿಗಿಂತ ತೆಳ್ಳಗಾಗಿದ್ದಳು. ಐದು ತಿಂಗಳು ಕೆಲಸವಿಲ್ಲದೆ ಕಳೆದು, ಕೋಣೆ ಬಿಟ್ಟು ಗೆಳತಿಯ ಜೊತೆ ಇದ್ದು, ಈಗ ಒಂದು ಸಣ್ಣ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದಳು. ಅಜ್ಜಾರು ಹೇಗಿದ್ದಾರೆ ಎಂದು ಕೇಳಿದಳು. ಚಹಾ ಬಂತು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಿಟ್ಟುಹೋಗಿ, "ಅವತ್ತು ನಂಗೆ ಗೊತ್ತಿತ್ತು" ಎಂದಷ್ಟೇ ಹೇಳಿದೆ. "ನಿನ್ನ ಹೆಸರು ಕೊಟ್ಟಿದ್ದೂ ನಾನೇ."

"ಗೊತ್ತದ," ಎಂದಳು. "ಲಕೋಟಿ ಕೊಡುವಾಗ ನೀವು ನನ್ನ ಮಾರಿ ನೋಡಲಿಲ್ಲ. ಅವಾಗೇ ಗೊತ್ತಾತು."

"ಕ್ಷಮೆ ಕೇಳೋಣ ಅಂತ ಬಂದೆ."

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೆಸರು ಕೊಟ್ಟಿದ್ದಕ್ಕ ನನಗ ಸಿಟ್ಟಿಲ್ರೀ. ಯಾರರೆ ಒಬ್ಬರು ಹೋಗ್ಲೇಬೇಕಿತ್ತು. ಆದ್ರ ನನ್ನ ಕೈ ಹಿಡ್ಕೊಂಡು ಎಂಟು ಮಜಲಿ ಇಳಿದ್ರಲ್ಲ. ಅದು ಹೆಂಗ ಸಾಧ್ಯ ಆತು ನಿಮಗ?" ಅವಳು ಮುಂದುವರಿಸಿದಳು. "ಒಂದು ಖರೇ ಹೇಳ್ರಿ. ನಿಮ್ಮನ್ನ ತೆಗೀಲಾರದ ಹೋಗಿದ್ರ, ಇವತ್ತು ಇಲ್ಲಿ ಬರ್ತಿದ್ರೇನು?"

ಹೌದು ಎನ್ನಲು ಬಾಯಿ ತೆರೆದೆ. ಒಮ್ಮೆ ಸುಳ್ಳು ಹೇಳಿದ್ದ ಆ ಮುಖಕ್ಕೆ ಇನ್ನೊಮ್ಮೆ ಹೇಳಲಾಗಲಿಲ್ಲ. "ಇಲ್ಲ" ಎಂದೆ.

"ಹಾಂ," ಎಂದಳು. ಚಹಾ ಮುಗಿಸಿ ಎದ್ದಳು. ಬರ್ತೀನ್ರಿ ಎಂದು ಹೇಳಿದಳು, ಅಕ್ಕಾ ಎನ್ನಲಿಲ್ಲ. ರಸ್ತೆ ದಾಟಿ ಗಲ್ಲಿಯೊಳಗೆ ಹೋಗುವವರೆಗೂ ನೋಡಿದೆ. ಅವಳು ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಆಮೇಲೆ ನಾನು ಅವಳನ್ನು ಕಂಡಿಲ್ಲ.

ಮಾರ್ಚಿನಲ್ಲಿ ನೋಯ್ಡಾದ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ನನಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಮೇಜಿನಾಚೆ ಕೂತಿದ್ದ. ಎಲ್ಲ ಕೇಳಿದ ಮೇಲೆ ಸ್ವಲ್ಪ ಮುಂದೆ ಬಾಗಿ, ಒಂದೇ ಸಲಕ್ಕೆ ಹೆಚ್ಚು ಜನರನ್ನು ಕಳಿಸಿಕೊಟ್ಟ ಅನುಭವ ನಿಮಗಿದೆಯೇ ಎಂದ. ಆ ಪ್ರಶ್ನೆ ಯಾಕೆ ಬಂತೆಂದು ಆ ಕೆಲಸದಲ್ಲಿ ಅಷ್ಟು ವರ್ಷ ಕಳೆದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದೆ" ಎಂದೆ.

"ಗಲಾಟೆ ಏನಾದರೂ?"

"ಏನೂ ಆಗಲಿಲ್ಲ. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು."

ಅವನು ಹುಬ್ಬೇರಿಸಿ, ಹೇಗೆ ಮಾಡಿದಿರಿ ಎಂದು ಕೇಳಿದ. ನಾನು ಅಲಾರಾಂನಿಂದ ಹಿಡಿದು ರಟ್ಟಿನ ಪೆಟ್ಟಿಗೆಗಳವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಮೆಟ್ಟಿಲಿನ ಭಾಗವೊಂದನ್ನು ಬಿಟ್ಟು. ಅವನು ಕುರ್ಚಿಗೆ ಒರಗಿ, ಮೆಚ್ಚುಗೆಯಿಂದ ತಲೆದೂಗಿದ. ಮೂರನೆಯ ದಿನ ನೇಮಕಾತಿ ಪತ್ರ ಬಂತು.

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಕೊನೆಯ ಪುಟದ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ತಲೆಯೆತ್ತಿದರು. "ಇಲ್ಲಿ ಕಾರಣ ಹೇಳದೆ ಯಾವಾಗ ಬೇಕಾದ್ರೂ ತೆಗೀಬಹುದು ಅಂತ ಇದೆಯಲ್ಲಮ್ಮ. ನೋಡ್ಕೊಂಡು ಸೈನ್ ಮಾಡಿದ್ಯಾ?"

"ನೋಡ್ಕೊಂಡೇ ಮಾಡಿದೀನಿ" ಎಂದೆ. ಅವರು ಪತ್ರವನ್ನು ಮಡಿಸಿ ನನ್ನ ಕೈಗೆ ಕೊಟ್ಟರು.